ವಿಷಕ್ಕೆ ಬಾಗಿಲು ಮುಚ್ಚುವ ಕಿರು ಅಣುಗಳು



ರೋಗಾಣುವನ್ನು ಕೊಂದರೆ ರೋಗ ವಾಸಿಯಾಗುತ್ತದೆ ಎಂಬುದು ಇಂದು ಬಹುಪಾಲು ಜನರ ನಂಬಿಕೆ. ಈ ನಂಬಿಕೆ ಸುಳ್ಳಲ್ಲ, ಆದರೆ ಪೂರ್ಣಸತ್ಯವೂ ಅಲ್ಲ. ಗಂಟಲುಮಾರಿ, ಧನುರ್ವಾಯು, ಕಾಲರಾ, ಒಂದು ಬಗೆಯ ರಕ್ತಭೇದಿ ಮುಂತಾದ ವ್ಯಾಧಿಗಳಲ್ಲಿ ರೋಗಿಯ ಪ್ರಾಣಕ್ಕೆ ಎರವಾಗುವುದು ರೋಗಾಣುವಿಗಿಂತ ಹೆಚ್ಚಾಗಿ ಅದು ಸ್ರವಿಸುವ ವಿಷ. ಬಣವೆಗೆ ಬೆಂಕಿ ಹಚ್ಚಿದವನನ್ನು ಹಿಡಿದು ಕಟ್ಟಿಹಾಕಿದ ಮಾತ್ರಕ್ಕೆ ಹತ್ತಿದ ಬೆಂಕಿ ಆರುವುದಿಲ್ಲ. ಹಾಗೆಯೇ ರೋಗಾಣು ಸತ್ತ ಮೇಲೂ ಅದು ಬಿಟ್ಟುಹೋದ ವಿಷ ತನ್ನ ಕೆಲಸವನ್ನು ಮುಂದುವರಿಸುತ್ತದೆ. ಪ್ರತಿಜೀವಕ ಔಷಧಿಗಳು ಎಷ್ಟೇ ಪ್ರಬಲವಾಗಿದ್ದರೂ ಅವು ವಿಷವನ್ನು ಮುಟ್ಟಲಾರವು.

ಹಾಗಾದರೆ ವಿಷವನ್ನೇ ತಡೆಯುವ, ಅದು ಜೀವಕೋಶದೊಳಕ್ಕೆ ನುಗ್ಗದಂತೆ ಬಾಗಿಲು ಮುಚ್ಚುವ ಔಷಧಿ ಸಾಧ್ಯವೆ? ಕೆಲವು ದಶಕಗಳಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲಾಗುತ್ತಿದೆ. ಆ ಶೋಧ ಎಲ್ಲಿಯವರೆಗೆ ಬಂದಿದೆ, ಅದರಿಂದ ನಾವು ಕಲಿಯಬೇಕಾದುದೇನು, ನಮ್ಮ ಮನೆಗಳಲ್ಲಿಯೂ ದಾಸೋಹದಲ್ಲಿಯೂ ಇಂದೇ ಆಚರಿಸಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ಅವಲೋಕಿಸೋಣ.

ವಿಷವನ್ನು ಗುರುತಿಸಿದ ಬಗೆ

ಗಂಟಲುಮಾರಿಯಿಂದ ಸತ್ತ ಮಕ್ಕಳ ದೇಹವನ್ನು ಪರೀಕ್ಷಿಸಿದ ಹತ್ತೊಂಬತ್ತನೆಯ ಶತಮಾನದ ವೈದ್ಯರಿಗೆ ಒಂದು ಸಂಗತಿ ಒಗಟಾಗಿತ್ತು. ರೋಗಾಣು ಗಂಟಲಿನಲ್ಲಿ ಮಾತ್ರ ಇರುತ್ತಿತ್ತು, ಆದರೆ ಹಾನಿ ಹೃದಯಕ್ಕೂ ನರಗಳಿಗೂ ತಗಲಿರುತ್ತಿತ್ತು. 1888ರಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಈ ಒಗಟನ್ನು ಬಿಡಿಸಿದರು. ಅವರು ರೋಗಾಣು ಬೆಳೆದ ದ್ರವವನ್ನು ಸೂಕ್ಷ್ಮ ಸೋಸುಗದಲ್ಲಿ ಸೋಸಿ, ಒಂದೂ ರೋಗಾಣುವಿಲ್ಲದ ತಿಳಿಯನ್ನು ಪ್ರಾಣಿಗಳಿಗೆ ಚುಚ್ಚಿದಾಗ ಅವುಗಳಲ್ಲಿಯೂ ಅದೇ ರೋಗಲಕ್ಷಣಗಳು ಕಾಣಿಸಿಕೊಂಡವು. ರೋಗಾಣು ಗಂಟಲಿನಲ್ಲಿಯೇ ಕುಳಿತು ತನ್ನ ವಿಷವನ್ನು ರಕ್ತದ ಮೂಲಕ ದೂರದ ಅಂಗಗಳಿಗೆ ಕಳುಹಿಸುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು.

ಎರಡು ವರ್ಷಗಳ ಬಳಿಕ, 1890ರಲ್ಲಿ, ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೆರಿಂಗ್ ಮತ್ತು ಜಪಾನಿನ ಕಿತಾಸಾಟೊ ಶಿಬಾಸಾಬುರೊ ಅವರು ಈ ವಿಷಗಳಿಗೆ ಪ್ರತಿವಿಷವು ಪ್ರಾಣಿಗಳ ರಕ್ತದಲ್ಲಿ ಹುಟ್ಟುತ್ತದೆ ಎಂದು ತೋರಿಸಿದರು. ಕುದುರೆಗಳ ರಕ್ತದಿಂದ ತಯಾರಾದ ಪ್ರತಿವಿಷವು ಅಸಂಖ್ಯ ಮಕ್ಕಳನ್ನು ಬದುಕಿಸಿತು. 1901ರಲ್ಲಿ ವೈದ್ಯಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಬೆರಿಂಗ್ ಅವರಿಗೆ ಸಂದಿತು.

ಕಾಲರಾದ ಕಥೆ ನಮ್ಮ ದೇಶದ್ದು. 1884ರಲ್ಲಿ ಕಲ್ಕತ್ತೆಗೆ ಬಂದಿದ್ದ ರಾಬರ್ಟ್ ಕೋಕ್, ಕಾಲರಾಕ್ಕೆ ಕಾರಣವಾದ ಅಲ್ಪವಿರಾಮ ಚಿಹ್ನೆಯಾಕಾರದ ರೋಗಾಣುವನ್ನು ಗುರುತಿಸಿ, ಇದು ವಿಷದಿಂದಲೇ ಕೊಲ್ಲುತ್ತಿರಬೇಕು ಎಂದು ಊಹಿಸಿದ್ದರು. ಆ ಊಹೆಗೆ ಪ್ರಮಾಣ ದೊರೆಯಲು 75 ವರ್ಷ ಬೇಕಾಯಿತು. 1959ರಲ್ಲಿ ಅದೇ ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರು, ರೋಗಾಣುರಹಿತವಾದ ಸೋಸಿದ ದ್ರವವನ್ನು ಮೊಲದ ಕರುಳಿನ ಕಟ್ಟಿದ ಭಾಗದೊಳಕ್ಕೆ ಸೇರಿಸಿ, ಆ ಭಾಗ ನೀರು ತುಂಬಿ ಉಬ್ಬುವುದನ್ನು ತೋರಿಸಿದರು. ಅಲ್ಪ ಸೌಕರ್ಯಗಳ ನಡುವೆ ನಡೆದ ಆ ಸರಳ ಪ್ರಯೋಗ ಕಾಲರಾದ ವಿಷಯದಲ್ಲಿ ಜಗತ್ತಿನ ತಿಳಿವಳಿಕೆಯನ್ನೇ ಬದಲಿಸಿತು.

ವಿಷದ ರಚನೆಯೂ ಅದರ ದಾರಿಯೂ

ಇಂಥ ಅನೇಕ ವಿಷಗಳು ಪ್ರೋಟೀನುಗಳು. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು ಭಾಗ ಜೀವಕೋಶದ ಹೊರಗೋಡೆಯನ್ನು ಹಿಡಿದುಕೊಳ್ಳುವ ಕೈ, ಇನ್ನೊಂದು ಒಳಗೆ ಹೋಗಿ ಹಾನಿಮಾಡುವ ಕತ್ತಿ. ಕೈ ಹಿಡಿಯದಿದ್ದರೆ ಕತ್ತಿಗೆ ಒಳಗೆ ಪ್ರವೇಶವಿಲ್ಲ. ಕತ್ತಿಯಿಲ್ಲದಿದ್ದರೆ ಕೈ ಹಿಡಿದೂ ಪ್ರಯೋಜನವಿಲ್ಲ.

ಕಾಲರಾದ ವಿಷ ಕರುಳಿನ ಜೀವಕೋಶವನ್ನು ಕೊಲ್ಲುವುದಿಲ್ಲ. ಅದು ಕೋಶದೊಳಗಿನ ಒಂದು ಸಂಕೇತವನ್ನು ಸದಾ ತೆರೆದಿರುವಂತೆ ಮಾಡುತ್ತದೆ. ಇದರಿಂದ ಕೋಶವು ಉಪ್ಪನ್ನೂ ಅದರ ಹಿಂದೆಯೇ ನೀರನ್ನೂ ಕರುಳಿನೊಳಕ್ಕೆ ಸುರಿಯುತ್ತಲೇ ಇರುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕ ರೋಗಿಯೊಬ್ಬನು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಳ್ಳುವುದುಂಟು. ಆದರೂ ಸಕ್ಕರೆಯೊಂದಿಗೆ ಉಪ್ಪನ್ನು ಹೀರಿಕೊಳ್ಳುವ ಕೋಶದ ಇನ್ನೊಂದು ಬಾಗಿಲನ್ನು ಈ ವಿಷ ಮುಚ್ಚಲಾರದು. ಈ ಬಾಗಿಲಿನ ಮೇಲೆಯೇ ಓ.ಆರ್.ಎಸ್. ದ್ರಾವಣ ನಿಂತಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಸಕ್ಕರೆ ಮತ್ತು ಸೋಡಾ ಬೆರೆಸಿದ ನೀರನ್ನು ಕುಡಿಸಿಯೇ ಸಾವಿನ ಪ್ರಮಾಣವನ್ನು ಶೇಕಡಾ 30ರ ಆಸುಪಾಸಿನಿಂದ ಶೇಕಡಾ 4ಕ್ಕಿಂತ ಕೆಳಗೆ ಇಳಿಸಿದರು. ವಿಷವನ್ನು ಕೊಲ್ಲದೆಯೇ ಅದರ ಹಾನಿಯಿಂದ ದೇಹವನ್ನು ಕಾಪಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ.

ಎಲ್ಲ ವಿಷಗಳೂ ಹೀಗೆ ಸೌಮ್ಯವಲ್ಲ. ಗಂಟಲುಮಾರಿಯ ವಿಷದ ಕತ್ತಿಯ ಒಂದೇ ಒಂದು ಅಣು ಒಳಹೊಕ್ಕರೂ ಒಂದು ಜೀವಕೋಶ ಸಾಯಬಲ್ಲುದು ಎಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಪ್ರತಿವಿಷವು ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಹಿಡಿಯಬಲ್ಲುದು, ಕೋಶದೊಳಗೆ ಸೇರಿಹೋದುದನ್ನು ಹೊರಗೆಳೆಯಲಾರದು. ಆದುದರಿಂದಲೇ ಈ ರೋಗಗಳಲ್ಲಿ ಗಂಟೆಗಳ ವಿಳಂಬವೂ ದುಬಾರಿ.

ಔಡಲ ಬೀಜವೂ ರಕ್ತಭೇದಿಯೂ

ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲವನ್ನು ತಿಳಿಯದವರಿಲ್ಲ. ಕೆಲವೆಡೆ ಇದನ್ನು ಹರಳು ಎನ್ನುತ್ತಾರೆ. ಆಯುರ್ವೇದದಲ್ಲಿ ಇದು ಏರಂಡ. ಇದರ ಎಣ್ಣೆ ವಾತಹರ, ವಿರೇಚಕ. ಆದರೆ ಇದರ ಹಸಿ ಬೀಜದಲ್ಲಿ ರೈಸಿನ್ ಎಂಬ ಘೋರ ವಿಷವಿದೆ. ಈ ವಿಷ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಸರಿಯಾಗಿ ತಯಾರಿಸಿದ ಔಡಲೆಣ್ಣೆ ಔಷಧಿ, ಮಕ್ಕಳು ಆಟವಾಡುತ್ತಾ ಅಗಿದ ಬೀಜ ವಿಷ. ಔಡಲದ ಹಿಂಡಿ ಹೊಲಕ್ಕೆ ಒಳ್ಳೆಯ ಗೊಬ್ಬರ, ದನದ ಬಾನಿಗೆ ಹಾಕುವ ವಸ್ತುವಲ್ಲ.

ಅತ್ತ ರಕ್ತಭೇದಿಯ ವಿಚಾರ. 1890ರ ದಶಕದ ಕೊನೆಯಲ್ಲಿ ಜಪಾನಿನ ಕಿಯೋಶಿ ಶಿಗಾ ಅವರು ರಕ್ತಭೇದಿಯ ರೋಗಾಣುವನ್ನು ಕಂಡುಹಿಡಿದರು. ಅದು ಸ್ರವಿಸುವ ವಿಷಕ್ಕೆ ಶಿಗಾ ವಿಷವೆಂಬ ಹೆಸರು ಬಂದಿತು. ನಮ್ಮೆಲ್ಲರ ಕರುಳಿನಲ್ಲಿ ಸಾಧುವಾಗಿ ಬಾಳುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಇದೇ ಬಗೆಯ ವಿಷವನ್ನು ತಯಾರಿಸುತ್ತವೆ ಎಂಬುದು ಕಳೆದ ಶತಮಾನದ ಕೊನೆಯ ಭಾಗದಲ್ಲಿ ತಿಳಿದುಬಂದಿತು. ಈ ವಿಷ ಮೊದಲು ರಕ್ತಭೇದಿಯನ್ನು ಉಂಟುಮಾಡುತ್ತದೆ. ಕೆಲವರಲ್ಲಿ, ವಿಶೇಷವಾಗಿ 5 ವರ್ಷದೊಳಗಿನ ಮಕ್ಕಳಲ್ಲಿ, ಭೇದಿ ಆರಂಭವಾಗಿ ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಮೂತ್ರ ನಿಂತುಹೋಗುತ್ತದೆ, ರಕ್ತಕಣಗಳು ಒಡೆಯುತ್ತವೆ, ಮಗು ಬಿಳಿಚಿಕೊಳ್ಳುತ್ತದೆ.

ಬೀಜದ ವಿಷಕ್ಕೂ ಬ್ಯಾಕ್ಟೀರಿಯಾದ ವಿಷಕ್ಕೂ ಏನು ಸಂಬಂಧ? 1980ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಯಾಯೆಟಾ ಎಂಡೊ ಮತ್ತು ಸಂಗಡಿಗರು ಇವೆರಡರ ಕತ್ತಿಯೂ ಒಂದೇ ಎಂದು ತೋರಿಸಿದರು. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಕಾರ್ಖಾನೆಗೆ ರೈಬೋಸೋಮ್ ಎಂದು ಹೆಸರು. ಅದರ ಸಾವಿರಾರು ಘಟಕಗಳ ಪೈಕಿ ನಿಶ್ಚಿತವಾದ ಒಂದೇ ಒಂದನ್ನು ಈ ಎರಡೂ ವಿಷಗಳು ಕಿತ್ತುಹಾಕುತ್ತವೆ. ಅಷ್ಟಕ್ಕೇ ಕಾರ್ಖಾನೆ ನಿಂತುಹೋಗುತ್ತದೆ. ಒಂದು ಗಿಡದ ಬೀಜ, ಒಂದು ಕಣ್ಣಿಗೆ ಕಾಣದ ಜೀವಿ. ಎರಡೂ ಒಂದೇ ಮರ್ಮವನ್ನು ಅರಿತಿರುವುದು ಸೃಷ್ಟಿಯ ಸೋಜಿಗ.

ಇವೆರಡರ ದಾರಿಯೂ ಬಹುಮಟ್ಟಿಗೆ ಒಂದೇ. ಜೀವಕೋಶದ ಒಳಗೆ ತಯಾರಾದ ಪ್ರೋಟೀನುಗಳು ಸಹಜವಾಗಿ ಒಳಗಿನಿಂದ ಹೊರಕ್ಕೆ, ಒಂದು ಅಂಕಣದಿಂದ ಮತ್ತೊಂದಕ್ಕೆ ಸಾಗುತ್ತವೆ. ಈ ವಿಷಗಳು ಹೊಳೆಯ ಸೆಳವಿಗೆ ಎದುರಾಗಿ ಈಜುವ ಮೀನಿನಂತೆ ಹೊರಗಿನಿಂದ ಒಳಕ್ಕೆ, ಅದೇ ಅಂಕಣಗಳ ಮೂಲಕ ಹಿಮ್ಮುಖವಾಗಿ ಸಾಗಿ ರೈಬೋಸೋಮನ್ನು ತಲುಪುತ್ತವೆ. ಈ ಹಿಮ್ಮುಖದ ಹಾದಿಯೇ ಮುಂದಿನ ಶೋಧಕ್ಕೆ ಆಧಾರವಾಯಿತು.

ಬಾಗಿಲು ಮುಚ್ಚುವ ಪ್ರಯತ್ನಗಳು

ವಿಷವನ್ನು ತಡೆಯಲು ಮೂರು ಸ್ಥಾನಗಳಿವೆ. ಬಾಗಿಲಿನ ಹೊರಗೆ, ಒಳಗಿನ ಹಾದಿಯಲ್ಲಿ, ಕತ್ತಿ ಕೆಲಸಮಾಡುವ ಕಟ್ಟಕಡೆಯ ತಾಣದಲ್ಲಿ.

ಬಾಗಿಲಿನ ಹೊರಗೆ ತಡೆಯುವುದು ಪ್ರತಿಕಾಯಗಳ ಕೆಲಸ. ಆದರೆ ಪ್ರತಿಕಾಯವು ಬಹುದೊಡ್ಡ ಅಣು. ಅದರ ತೂಕ ಜಲಜನಕದ ಪರಮಾಣುವಿನ ಸುಮಾರು 1,50,000 ಪಟ್ಟು. ಅದನ್ನು ಚುಚ್ಚುಮದ್ದಾಗಿಯೇ ಕೊಡಬೇಕು, ಶೀತದಲ್ಲಿ ಕಾಪಾಡಬೇಕು, ಬೆಲೆಯೂ ಹೆಚ್ಚು. ಕೋಶದ ಒಳಕ್ಕೆ ಅದು ಸುಲಭವಾಗಿ ಪ್ರವೇಶಿಸಲಾರದು. ಇದಕ್ಕೆ ಪ್ರತಿಯಾಗಿ ಕಿರು ಅಣುಗಳ ತೂಕ ಸಾಮಾನ್ಯವಾಗಿ 500ಕ್ಕಿಂತ ಕಡಿಮೆ. ನಾವು ನಿತ್ಯ ನುಂಗುವ ಗುಳಿಗೆಗಳಲ್ಲಿರುವುದು ಬಹುಪಾಲು ಇಂಥ ಅಣುಗಳೇ. ಇವು ಕೋಶದ ಗೋಡೆಯನ್ನು ದಾಟಿ, ಪ್ರತಿಕಾಯ ತಲುಪದ ಸ್ಥಳವನ್ನೂ ತಲುಪಬಲ್ಲವು. ಆದುದರಿಂದ ಸಂಶೋಧಕರ ಕಣ್ಣು ಇವುಗಳ ಮೇಲೆ ಬಿದ್ದಿತು.

ಕಟ್ಟಕಡೆಯ ತಾಣದಲ್ಲಿ ತಡೆಯುವುದಕ್ಕೆ ಆಂಥ್ರಾಕ್ಸ್ ಒಂದು ಉದಾಹರಣೆ. ನಮ್ಮ ರೈತರು ಇದನ್ನು ದನಕುರಿಗಳಿಗೆ ಬರುವ ನೆರಡಿ ರೋಗವೆಂದು ಬಲ್ಲರು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಈ ರೋಗಾಣುವನ್ನು ಕಳುಹಿಸಲಾಯಿತು. 22 ಮಂದಿಗೆ ರೋಗ ತಗಲಿತು, ಐವರು ಸತ್ತರು. ರೋಗಾಣುವನ್ನು ಕೊಲ್ಲುವ ಔಷಧಿಗಳಿದ್ದರೂ, ವಿಷ ಹರಡಿದ ಮೇಲೆ ಅವು ಸಾಲವು ಎಂಬುದು ಮನದಟ್ಟಾಯಿತು. ಆ ಬಳಿಕ ಆಂಥ್ರಾಕ್ಸ್ ವಿಷದ ಕತ್ತಿಗೆ ಅಂಟಿಕೊಂಡು ಅದನ್ನು ಮೊಂಡುಮಾಡುವ ಕಿರು ಅಣುಗಳ ಶೋಧ ಚುರುಕಾಯಿತು. ಪ್ರಾಣಿಗಳಲ್ಲಿ ಅವುಗಳ ಫಲವೂ ಕಂಡಿತು. ಆದರೆ ಅಲ್ಲಿ ಮೊದಲು ಔಷಧಿಯಾಗಿ ಮಂಜೂರಾದುದು ಕಿರು ಅಣುವಲ್ಲ, 2012ರಲ್ಲಿ ಬಂದ ಒಂದು ಪ್ರತಿಕಾಯ.

ಒಳಗಿನ ಹಾದಿಯಲ್ಲಿ ತಡೆಯುವ ಪ್ರಯತ್ನವೇ ಎಲ್ಲಕ್ಕಿಂತ ಕುತೂಹಲಕರ. 2010ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ರೈಸಿನ್ ವಿಷವನ್ನು ಕೊಟ್ಟು, 16,480 ಬಗೆಯ ಕಿರು ಅಣುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಷ್ಟರಲ್ಲಿ ಎರಡು ಮಾತ್ರ ಕೋಶಗಳನ್ನು ಚೆನ್ನಾಗಿ ಕಾಪಾಡಿದವು. ಅವುಗಳಿಗೆ ರೆಟ್ರೊ-1, ರೆಟ್ರೊ-2 ಎಂದು ಹೆಸರಿಟ್ಟರು. ಅವು ವಿಷವನ್ನು ಮುಟ್ಟುವುದಿಲ್ಲ, ರೈಬೋಸೋಮನ್ನೂ ಮುಟ್ಟುವುದಿಲ್ಲ. ವಿಷ ಸಾಗುವ ಹಿಮ್ಮುಖದ ಹಾದಿಯನ್ನು ಮಾತ್ರ ಕಟ್ಟಿಬಿಡುತ್ತವೆ. ಔಡಲ ಬೀಜದ ವಿಷವೂ ಶಿಗಾ ವಿಷವೂ ಒಂದೇ ಹಾದಿಯ ಪಯಣಿಗರಾದುದರಿಂದ, ಒಂದಕ್ಕಾಗಿ ಕಂಡುಹಿಡಿದ ಅಣು ಇನ್ನೊಂದರಿಂದಲೂ ಕೋಶಗಳನ್ನು ಕಾಪಾಡಿತು. ರೆಟ್ರೊ-2 ಅನ್ನು ಮುಂಚಿತವಾಗಿ ಕೊಟ್ಟಿದ್ದ ಇಲಿಗಳು ಮಾರಕ ಪ್ರಮಾಣದ ರೈಸಿನ್ನಿನಿಂದ ಬದುಕುಳಿದವು. 2015ರಲ್ಲಿ ಶಿಗಾ ವಿಷವನ್ನು ಸ್ರವಿಸುವ ಇ. ಕೋಲೈ ಸೋಂಕಿನಲ್ಲಿಯೂ ಅದು ಇಲಿಗಳಿಗೆ ರಕ್ಷಣೆ ನೀಡಿದ ವರದಿ ಬಂದಿತು. ಈ ಅಣು ಕೋಶದೊಳಗೆ ಯಾವ ಪ್ರೋಟೀನನ್ನು ಹಿಡಿದು ಈ ಕಾರ್ಯ ಸಾಧಿಸುತ್ತದೆ ಎಂಬುದು 2020ರಲ್ಲಿ ತಿಳಿಯಿತು.

ಈ ಮಾರ್ಗದ ಗುಣವೇನು? ಔಷಧಿಯ ಗುರಿ ರೋಗಾಣುವಲ್ಲದ್ದರಿಂದ ರೋಗಾಣು ಅದಕ್ಕೆ ಒಗ್ಗಿಕೊಂಡು ಬಲಿಯುವ ಸಂಭವ ಕಡಿಮೆ. ಒಂದೇ ಹಾದಿ ಹಿಡಿಯುವ ಹಲವು ವಿಷಗಳಿಗೆ ಒಂದೇ ಔಷಧಿ ಆಗಬಹುದು. ದೋಷವೇನು? ಆ ಹಾದಿ ವಿಷಕ್ಕಾಗಿ ಹಾಕಿದ್ದಲ್ಲ, ಕೋಶವು ತನ್ನ ಸ್ವಂತ ವ್ಯವಹಾರಕ್ಕೆ ಹಾಕಿಕೊಂಡದ್ದು. ಕಳ್ಳನನ್ನು ತಡೆಯಲು ಊರಿನ ದಾರಿಯನ್ನೇ ಬಹುಕಾಲ ಮುಚ್ಚಿದರೆ ಊರವರು ಬದುಕುವುದು ಹೇಗೆ? ಎಷ್ಟು ಕಾಲ, ಎಷ್ಟು ಪ್ರಮಾಣದಲ್ಲಿ ಮುಚ್ಚಿದರೆ ಮನುಷ್ಯದೇಹ ತಾಳಿಕೊಳ್ಳುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಇಲಿಯಲ್ಲಿ ಗೆದ್ದ ಔಷಧಿ ಮನುಷ್ಯನಲ್ಲಿ ಗೆಲ್ಲಲೇಬೇಕೆಂಬ ನಿಯಮವಿಲ್ಲ.

ಇದಕ್ಕೊಂದು ಎಚ್ಚರಿಕೆಯ ಪಾಠ ಈಗಾಗಲೇ ದೊರೆತಿದೆ. ಶಿಗಾ ವಿಷದ ಕೈ ಹಿಡಿಯುವ ಸಕ್ಕರೆಯ ಅಣುಗಳನ್ನು ಒಂದು ಪುಡಿಗೆ ಅಂಟಿಸಿ, ವಿಷವು ಕರುಳಿನಲ್ಲಿಯೇ ಆ ಪುಡಿಗೆ ಮೋಸಹೋಗಿ ಅಂಟಿಕೊಳ್ಳಲೆಂದು ಮಕ್ಕಳಿಗೆ ಕುಡಿಸಿ ನೋಡಲಾಯಿತು. ಪ್ರಯೋಗಾಲಯದಲ್ಲಿ ಅದು ವಿಷವನ್ನು ಚೆನ್ನಾಗಿಯೇ ಹಿಡಿದಿತ್ತು. 2003ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂತ್ರಪಿಂಡದ ತೊಡಕು ಈಗಾಗಲೇ ಆರಂಭವಾಗಿದ್ದ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ ಎಂದು ತಿಳಿಯಿತು. ತೊಡಕು ಕಾಣಿಸಿಕೊಳ್ಳುವ ವೇಳೆಗೆ ವಿಷವು ಕರುಳನ್ನು ದಾಟಿ ಮುಂದಕ್ಕೆ ಹೋಗಿರುತ್ತದೆ. ದನ ಓಡಿಹೋದ ಮೇಲೆ ಕೊಟ್ಟಿಗೆಗೆ ಅಗಳಿ ಹಾಕಿ ಫಲವೇನು?

ಹೃದಯಾವರಣದ ವಿಚಾರ

ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರ ಒಂದು. ಇದು ವಿಷಗಳ ವಿಜ್ಞಾನ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 23ನೆಯ ಅಧ್ಯಾಯದಲ್ಲಿ ವಿಷಕ್ಕೆ 24 ಉಪಕ್ರಮಗಳನ್ನು ಹೇಳಲಾಗಿದೆ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ವಮನ, ವಿರೇಚನ, ಪ್ರತಿವಿಷ ಮೊದಲಾದವುಗಳ ಜೊತೆಯಲ್ಲಿ ಹೃದಯಾವರಣ ಎಂಬುದೊಂದಿದೆ. ತುಪ್ಪ, ಜೇನು ಮುಂತಾದ ದ್ರವ್ಯಗಳನ್ನು ಕೊಟ್ಟು ವಿಷವು ಹೃದಯವನ್ನು ಆಕ್ರಮಿಸದಂತೆ ಅದಕ್ಕೆ ಹೊದಿಕೆಯನ್ನು ಕಲ್ಪಿಸುವುದು ಇದರ ಆಶಯ. ವಿಷವನ್ನು ನಾಶಮಾಡುವುದು ಒಂದು ಕ್ರಮ, ವಿಷ ತಲುಪುವ ಸ್ಥಾನವನ್ನು ಕಾಪಾಡುವುದು ಬೇರೊಂದು ಕ್ರಮ ಎಂಬ ವಿವೇಕ ನಮ್ಮ ಹಿರಿಯರಿಗೆ ಇದ್ದಿತು. ಇದು ಅಭಿಮಾನಪಡತಕ್ಕ ಸಂಗತಿಯೇ.

ಆದರೆ ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆಶಯ ಒಂದೇ ಆದ ಮಾತ್ರಕ್ಕೆ ಔಷಧಿ ಒಂದೇ ಆಗುವುದಿಲ್ಲ. ಹೊಸ ಶೋಧವೊಂದು ಪ್ರಕಟವಾದೊಡನೆ ಇದೆಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಸಾರುವುದು, ಅದನ್ನು ನಂಬಿ ರಕ್ತಭೇದಿಯಾದ ಮಗುವಿಗೆ ತುಪ್ಪ ನೆಕ್ಕಿಸುತ್ತ ಮನೆಯಲ್ಲಿಯೇ ಇರಿಸಿಕೊಳ್ಳುವುದು ಶಾಸ್ತ್ರಕ್ಕೆ ತೋರುವ ಗೌರವವಲ್ಲ. ಪರೀಕ್ಷಿಸಿ ಪ್ರಯೋಗಿಸು ಎಂಬುದೇ ಶಾಸ್ತ್ರದ ಮೊದಲ ಪಾಠ.

ಹಾಗೆ ಪರೀಕ್ಷೆಗೆ ಒಳಪಟ್ಟ ನಮ್ಮ ದ್ರವ್ಯವೊಂದಿದೆ. ಅದು ದಾರುಹರಿದ್ರಾ, ಅಂದರೆ ಮರದರಿಶಿನ. ಅತಿಸಾರದಲ್ಲಿ ಇದರ ಬಳಕೆ ಪ್ರಾಚೀನ. ಇದರಲ್ಲಿರುವ ಬರ್ಬರಿನ್ ಎಂಬ ಹಳದಿ ಕಿರು ಅಣುವು ಕಾಲರಾ ಮತ್ತು ಇ. ಕೋಲೈ ವಿಷಗಳಿಂದ ಕರುಳು ನೀರು ಸುರಿಸುವುದನ್ನು ತಗ್ಗಿಸುತ್ತದೆ ಎಂದು 1982ರಲ್ಲಿ ಪ್ರಾಣಿಗಳಲ್ಲಿ ಕಂಡುಬಂದಿತು. 1987ರಲ್ಲಿ ಬಾಂಗ್ಲಾದೇಶದಲ್ಲಿ ರೋಗಿಗಳ ಮೇಲೆ ನಡೆದ ಪರೀಕ್ಷೆ ಪ್ರಕಟವಾಯಿತು. ಇ. ಕೋಲೈ ವಿಷದಿಂದ ಭೇದಿಯಾದವರಲ್ಲಿ, 400 ಮಿಲಿಗ್ರಾಂ ಬರ್ಬರಿನ್ ತೆಗೆದುಕೊಂಡವರ ಪೈಕಿ ಶೇಕಡಾ 42 ಮಂದಿಗೆ 24 ಗಂಟೆಗಳಲ್ಲಿ ಭೇದಿ ನಿಂತಿತು. ತೆಗೆದುಕೊಳ್ಳದವರಲ್ಲಿ ಈ ಪ್ರಮಾಣ ಶೇಕಡಾ 20. ಕಾಲರಾದಲ್ಲಿ ಫಲ ಅಲ್ಪವಾಗಿತ್ತು. ಪ್ರತಿಜೀವಕದ ಜೊತೆಯಲ್ಲಿ ಕೊಟ್ಟಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದು ನಿರಾಶೆಯ ಮಾತಲ್ಲ. ನಮ್ಮ ದ್ರವ್ಯ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಅರಿವೇ ನಿಜವಾದ ಸಂಪತ್ತು. ಹಾಗೆಂದು ಮರದರಿಶಿನದ ಕಷಾಯವು ಓ.ಆರ್.ಎಸ್. ಸ್ಥಾನವನ್ನು ತುಂಬಲಾರದು. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಇದನ್ನು ಕೊಡಲಾಗದು.

ಮನೆಯಲ್ಲಿ, ದಾಸೋಹದಲ್ಲಿ

ಮೇಲೆ ಹೇಳಿದ ಹಾದಿಕಟ್ಟುವ ಅಣುಗಳು ಇಂದಿಗೂ ಪ್ರಯೋಗಾಲಯದ ವಸ್ತುಗಳು. ರೋಗಾಣುವಿನ ವಿಷವನ್ನು ಹೊರದೂಡುತ್ತದೆ ಎಂದು ಯಾರಾದರೂ ಗುಳಿಗೆಯನ್ನೋ ಪುಡಿಯನ್ನೋ ಮಾರಲು ಬಂದರೆ ಭಕ್ತರು ಮರುಳಾಗಬಾರದು. ಆದರೆ ಆ ಶೋಧ ಕಲಿಸಿದ ಪಾಠ ಇಂದೇ ನಮ್ಮ ಬಳಕೆಗೆ ಬರುತ್ತದೆ. ವಿಷ ಒಳಹೊಕ್ಕ ಮೇಲೆ ಅದನ್ನು ಹೊರಗೆಳೆಯುವುದು ಕಠಿಣ. ಅದು ಹುಟ್ಟದಂತೆ, ಹೊಕ್ಕದಂತೆ ತಡೆಯುವುದು ಸುಲಭ.

ಮೊದಲನೆಯದು ಲಸಿಕೆ. ಗಂಟಲುಮಾರಿ ಮತ್ತು ಧನುರ್ವಾಯುವಿನ ಲಸಿಕೆಗಳು ಮಂದಗೊಳಿಸಿದ ವಿಷದಿಂದಲೇ ತಯಾರಾದವು. ವಿಷ ಬರುವ ಮೊದಲೇ ರಕ್ತದಲ್ಲಿ ಕಾವಲನ್ನು ನಿಲ್ಲಿಸುವ ಉಪಾಯವಿದು. ನಮ್ಮ ದೇಶದ ಕ್ರಮದಂತೆ ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ, ಬಳಿಕ 16ರಿಂದ 24 ತಿಂಗಳೊಳಗೆ, 5ರಿಂದ 6 ವರ್ಷದೊಳಗೆ, ಮತ್ತೆ 10 ಹಾಗೂ 16ನೆಯ ವರ್ಷಗಳಲ್ಲಿ ಕೊಡಿಸಬೇಕು. ಎಳೆಯ ಮಗುವಿಗೆ ಕೊಡಿಸಿದವರೂ ಶಾಲಾವಯಸ್ಸಿನ ಚುಚ್ಚುಮದ್ದನ್ನು ಮರೆಯುವುದುಂಟು. ಅದು ಸಲ್ಲದು.

ಎರಡನೆಯದು ರಕ್ತಭೇದಿಯಲ್ಲಿ ಎಚ್ಚರ. ಮಲದಲ್ಲಿ ರಕ್ತ ಕಂಡರೆ ಅಂಗಡಿಯಿಂದ ಪ್ರತಿಜೀವಕವನ್ನಾಗಲಿ, ಭೇದಿ ಕಟ್ಟುವ ಗುಳಿಗೆಯನ್ನಾಗಲಿ ತಾವಾಗಿಯೇ ತಂದು ಕೊಡಬಾರದು. ಶಿಗಾ ವಿಷದ ಇ. ಕೋಲೈ ಸೋಂಕಿನಲ್ಲಿ ಕೆಲವು ಪ್ರತಿಜೀವಕಗಳು ರೋಗಾಣುವನ್ನು ಒಡೆಯುವಾಗ ಇನ್ನಷ್ಟು ವಿಷ ಹೊರಬೀಳುವಂತೆ ಮಾಡಬಲ್ಲವು. ಭೇದಿ ಕಟ್ಟಿದರೆ ವಿಷ ಕರುಳಿನಲ್ಲಿಯೇ ಉಳಿಯುತ್ತದೆ. ಬೇರೆ ಬಗೆಯ ರಕ್ತಭೇದಿಗೆ ಪ್ರತಿಜೀವಕ ಅವಶ್ಯವೂ ಹೌದು. ಯಾವುದು ಯಾವುದೆಂದು ಪರೀಕ್ಷಿಸಿ ನಿರ್ಣಯಿಸುವ ಅಧಿಕಾರ ವೈದ್ಯನದು. ಮಗುವಿನ ಮೂತ್ರ ಕಡಿಮೆಯಾದರೆ, ಮುಖ ಬಿಳಿಚಿಕೊಂಡರೆ ಅಥವಾ ಊದಿಕೊಂಡರೆ, ಮಂಪರು ಕವಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಭೇದಿ ಕಡಿಮೆಯಾಯಿತೆಂದು ನಿಶ್ಚಿಂತರಾದ ದಿನವೇ ಈ ತೊಡಕು ತಲೆದೋರಬಹುದು.

ಮೂರನೆಯದು ನೀರುಭೇದಿಯಲ್ಲಿ ಓ.ಆರ್.ಎಸ್. ಒಂದು ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಪೂರ್ತಿಯಾಗಿ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಿರುವ ಅಳತೆಯನ್ನೇ ಅನುಸರಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು, ಗಂಜಿಯನ್ನು ಬಿಡಬಾರದು. ಮಕ್ಕಳಿಗೆ ವೈದ್ಯರು ಸೂಚಿಸುವ ಸತುವಿನ ಗುಳಿಗೆಯನ್ನು ಭೇದಿ ನಿಂತ ಮೇಲೂ ಒಟ್ಟು 14 ದಿನ ಕೊಡುವುದು ರೂಢಿಯಲ್ಲಿರುವ ಕ್ರಮ.

ನಾಲ್ಕನೆಯದು ಅಡುಗೆಮನೆ. 2011ರಲ್ಲಿ ಜರ್ಮನಿಯಲ್ಲಿ ಶಿಗಾ ವಿಷದ ಇ. ಕೋಲೈ ಸೋಂಕು ಹರಡಿ ಸುಮಾರು 3,800 ಮಂದಿ ಕಾಯಿಲೆಬಿದ್ದರು. 800ಕ್ಕೂ ಹೆಚ್ಚು ಮಂದಿಗೆ ಮೂತ್ರಪಿಂಡದ ತೊಡಕಾಯಿತು, 50ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆಯ ಜಾಡು ಹಸಿಯಾಗಿ ತಿಂದ ಮೊಳಕೆಕಾಳಿಗೆ, ಅದರಲ್ಲಿಯೂ ಈಜಿಪ್ಟಿನಿಂದ ತರಿಸಿದ್ದ ಮೆಂತ್ಯದ ಬೀಜಕ್ಕೆ ತಲುಪಿತು. ಮೆಂತ್ಯ ದೋಷಿಯಲ್ಲ. ಕಾಳಿಗೆ ಅಂಟಿದ ಸೂಕ್ಷ್ಮಜೀವಿಗೆ ಮೊಳಕೆಯ ಬೆಚ್ಚನೆಯ ತೇವ ಹೇಳಿಮಾಡಿಸಿದ ತೊಟ್ಟಿಲು. ಚಿಕ್ಕ ಮಕ್ಕಳು, ಗರ್ಭಿಣಿಯರು, ವೃದ್ಧರು ಮೊಳಕೆಕಾಳನ್ನು ಬೇಯಿಸಿಯೇ ತಿನ್ನುವುದು ಲೇಸು. ಹಸಿ ಹಾಲನ್ನು ಕಾಯಿಸದೆ ಕುಡಿಯಬಾರದು.

ಕೊನೆಯದಾಗಿ ದಾಸೋಹ. ಜಾತ್ರೆಯ ದಿನಗಳಲ್ಲಿ ಸಾವಿರಾರು ಮಂದಿಗೆ ಪ್ರಸಾದ ಸಿದ್ಧವಾಗುತ್ತದೆ. ಬೆಂದ ಅನ್ನ ಹಾಗೂ ಸಿಹಿ ಪದಾರ್ಥಗಳು ಬೆಚ್ಚಗಿರುವ ಕೋಣೆಯಲ್ಲಿ ಗಂಟೆಗಟ್ಟಲೆ ಉಳಿದರೆ ಕೆಲವು ಬ್ಯಾಕ್ಟೀರಿಯಾಗಳು ಅಲ್ಲಿಯೇ ವಿಷವನ್ನು ತಯಾರಿಸುತ್ತವೆ. ಅಡುಗೆಯವರ ಕೈಯ ಗಾಯದಿಂದ, ಮೂಗಿನಿಂದ ಬರುವ ಬ್ಯಾಕ್ಟೀರಿಯಾದ ವಿಷವೂ, ತಂಗಳನ್ನದಲ್ಲಿ ಹುಟ್ಟುವ ಒಂದು ವಿಷವೂ ಮತ್ತೆ ಕುದಿಸಿದರೂ ಸಾಯುವುದಿಲ್ಲ. ರೋಗಾಣು ಸಾಯುತ್ತದೆ, ವಿಷ ಉಳಿಯುತ್ತದೆ. ಆದುದರಿಂದ ಬಿಸಿಯಾಗಿ ಬಡಿಸಬೇಕಾದುದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿಯೇ ಇಡಬೇಕು. ಒಮ್ಮೆಗೇ ಬೆಟ್ಟದಷ್ಟು ಅನ್ನ ಮಾಡಿಡುವ ಬದಲು ಪಂಕ್ತಿಯ ಅಂದಾಜಿಗೆ ತಕ್ಕಂತೆ ಬಾರಿಬಾರಿಗೂ ಮಾಡುವುದು ಉತ್ತಮ. ಕೈಯಲ್ಲಿ ಹುಣ್ಣಿರುವ, ಭೇದಿಯಾಗುತ್ತಿರುವ ಸೇವಾರ್ಥಿಗಳು ಆ ದಿನ ಅಡುಗೆಯ ಬದಲು ಬೇರೊಂದು ಸೇವೆಯನ್ನು ಕೈಕೊಳ್ಳಬೇಕು. ಇದು ಅವರಿಗೆ ಅಗೌರವವಲ್ಲ, ಉಣ್ಣುವ ಜಂಗಮಕ್ಕೆ ಸಲ್ಲಿಸುವ ಗೌರವ.

ವಿಷಕ್ಕೆ ಒಳಬಾಗಿಲನ್ನು ಮುಚ್ಚುವ ಗುಳಿಗೆ ಮುಂದೊಂದು ದಿನ ಬರಬಹುದು. ಅದನ್ನು ಶೋಧಿಸುತ್ತಿರುವವರ ಕಾಯಕ ಫಲಿಸಲೆಂದು ಹಾರೈಸೋಣ. ಹೊರಬಾಗಿಲಿನ ಅಗಳಿಯಾದರೋ ಈಗಲೇ ನಮ್ಮ ಕೈಯಲ್ಲಿದೆ. ಲಸಿಕೆ, ಶುಚಿಯಾದ ಕೈ, ಕುದಿಸಿದ ನೀರು, ಬಿಸಿಯಾದ ಪ್ರಸಾದ, ಸಕಾಲದಲ್ಲಿ ವೈದ್ಯರ ಭೇಟಿ. ಇವುಗಳಲ್ಲಿ ಒಂದನ್ನೂ ಸಡಿಲಬಿಡದಿರೋಣ.